ದ್ರಾಕ್ಷಿ ಶೆಡ್ಡಿಗೆ ಸೆನ್ಸರ್ ಹಚ್ಚಿದ್ವಿ, ಬ್ಯಾಟರಿ ಯಾರು ಕುಡಿಯಾಕತ್ತಾರ ನೋಡ್ರಿ

ಹಾಂ ನಮಸ್ಕಾರ್ರೀ ಎಲ್ಲಾರಿಗೂ, ಇದು ವಿಜಯಪುರ ಜಿಲ್ಲಾದ ತಿಕೋಟಾ ಕಡೆ ನಮ್ಮ ಕಾಕಾರ ಒಣದ್ರಾಕ್ಷಿ ಶೆಡ್, ಹಸರ್ ನೆಟ್ ಕಾಣ್ತೈತಲ್ಲ ಅದs. ವಾಯ್ಸ್ ಮನ್ಯಾಗ ಕುಂತು ಕೊಡಾಕತ್ತೀನಿ, ಅಲ್ಲಿ ಗಾಳಿ ಸಪ್ಪಳಕ್ಕ ಒಂದ ಮಾತೂ ರೆಕಾರ್ಡ್ ಆಗಿಲ್ಲ.

ಕಾಕಾರಿಗೆ ಬೇಕಾಗಿದ್ದು ಇಷ್ಟ, ಶೆಡ್ಡಿನ್ಯಾಗ ಬಿಸಿ ಎಷ್ಟ್ ಐತಿ, ಹವಾದಾಗ ಹಸಿ ಎಷ್ಟ್ ಐತಿ, ಹತ್ ಹತ್ ನಿಮಿಷಕ್ಕ ಫೋನಿನ್ಯಾಗ ಕಾಣ್ಬೇಕು. ಯಾಕಂದ್ರ ಅಡ್ಡಮಳಿ ಬಂತಂದ್ರ ಮಾಲ್ ಕಪ್ಪಾಗ್ತೈತಿ, ಕಪ್ಪಾದ್ರ ರೇಟ್ ಬಿತ್ತು ಅಂತನ ತಿಳ್ಕೊಳ್ರಿ. ಶೆಡ್ಡಿಗೆ ವೈಫೈ ಇಲ್ಲ, ಕರೆಂಟ್ ಇಲ್ಲ, ಮನಿ ಒಂದೂವರೆ ಕಿಲೋಮೀಟರ್. ಅಂದ್ರ ಬ್ಯಾಟರಿ ಮ್ಯಾಲೆ ನಡೀಬೇಕು.

ಇಲ್ಲಿ ಸೋಲ್ಡರಿಂಗ್ ನಡದೈತಿ, ಸ್ಪೀಡ್ ಮಾಡೀನಿ, ಅಷ್ಟರಾಗ ಪ್ರೋಟೋಕಾಲ್, ಅಂದ್ರ ಡಿವೈಸ್ ಡಾಟಾ ಕಳಿಸೂ ರೀತಿ, ಅದರ ವಿಷಯ ಮುಗಿಸ್ತೀನಿ. ಎಲ್ಲಾರೂ ಎಂಕ್ಯೂಟಿಟಿ ಎಂಕ್ಯೂಟಿಟಿ ಅಂತಾರಲ್ಲ, ಬ್ರೋಕರ್ ಅನ್ನೂ ನಡುವಿನ ಸರ್ವರ್ ಮೂಲಕ ಸುದ್ದಿ ಮುಟ್ಟಿಸೂ ಪ್ರೋಟೋಕಾಲ್, ನಾನೂ ಅಂತೀನಿ, ಅದಕ್ಕಿಂತ ಛಲೋ ಯಾವ್ದೂ ಇಲ್ಲ. 1999ರಾಗ ಆಂಡಿ ಸ್ಟ್ಯಾನ್‌ಫರ್ಡ್-ಕ್ಲಾರ್ಕ್, ಆರ್ಲೆನ್ ನಿಪ್ಪರ್ ಅಂತ ಇಬ್ರು ಕಚ್ಚಾ ಎಣ್ಣಿ ಪೈಪ್‌ಲೈನ್ ಮ್ಯಾಲ ನಿಗಾ ಇಡಾಕ ಮಾಡಿದ್ದು, ಸ್ಯಾಟಲೈಟ್ ಲಿಂಕ್ ತುಟ್ಟಿ, ಬೈಟ್ ಉಳಿಸಬೇಕಿತ್ತು, ಅದಕ್ಕ ಅದರ ಸಣ್ಣ ಹೆಡರ್, ಅಂದ್ರ ಮೆಸೇಜಿನ ಮುಂದ ಹಚ್ಚೂ ಚೀಟಿ, ಬರೇ 2 ಬೈಟ್. ಆದ್ರ ಅದು ಟಿಸಿಪಿ ಮ್ಯಾಲ, ಅಂದ್ರ ಮೊದಲ ಕನೆಕ್ಷನ್ ಕಟ್ಟಿ ಆಮ್ಯಾಲ ಡಾಟಾ ಕಳಿಸೂ ಪದ್ಧತಿ ಮ್ಯಾಲ, ಓಡ್ತೈತಿ. ಮಲಗಿದ ಡಿವೈಸ್ ಎದ್ದಾಗೊಮ್ಮೆ ಮೊದಲ ಟಿಸಿಪಿ ಕನೆಕ್ಷನ್, ಆಮ್ಯಾಲ ಎಂಕ್ಯೂಟಿಟಿ ಕನೆಕ್ಟ್, ಅದಕ್ಕ ಉತ್ತರ ಬರೂತನಕ ಕಾಯೂದು, ಆಮ್ಯಾಲ ಅಸಲಿ ಮಾತು. ರೇಡಿಯೋ ಎಚ್ಚರ ಇದ್ದಷ್ಟ್ ಹೊತ್ತು ಬ್ಯಾಟರಿ ಖರ್ಚ್, ನಮ್ಮ ಬೋರ್ಡಿನ ಚಿಪ್ ಇಎಸ್‌ಪಿ32 ವೈಫೈ ಕಳಿಸೂವಾಗ 200 ಮಿಲಿಆಂಪ್ ದಾಟ್ತೈತಿ. ಹಂಗ ನೋಡಿದ್ರ ಕೋಆಪ್ ಅನ್ನೂ ಇನ್ನೊಂದು ಪ್ರೋಟೋಕಾಲ್ ಛಲೋ, ಕನೆಕ್ಷನ್ ಕಟ್ಟದs ಕಳಿಸೂ ಯುಡಿಪಿ ಮ್ಯಾಲ ಓಡ್ತೈತಿ, 4 ಬೈಟ್ ಹೆಡರ್, ಒಂದ ಪ್ಯಾಕೆಟ್ ಹೋತು ಒಂದ ಉತ್ತರ ಬಂತು, ಮಲಗು. ಬ್ಯಾಟರಿ ಇದ್ದಲ್ಲಿ ಕೋಆಪ್ ಅಂತ ಬರ್ಕೊಳ್ರಿ. ಇಲ್ಲ ಬ್ಯಾಡ, ಬರ್ಕೊಬ್ಯಾಡ್ರಿ, ಶೆಡ್ಡಿನ್ಯಾಗ ಇಂಟರ್ನೆಟ್ಟs ಇಲ್ಲ ಅಂದ ಮ್ಯಾಲ ಎರಡೂ ಏನ್ ಮಾಡ್ತಾವ.

ಅದಕ್ಕ ಲೋರಾ, ಇಂಟರ್ನೆಟ್ ಇಲ್ಲದs ಕಡಿಮಿ ಬ್ಯಾಟರಿಲೆ ದೂರ ಮುಟ್ಟೂ ರೇಡಿಯೋ. ನಮ್ಮ ದೇಶದಾಗ 865ರಿಂದ 868 ಮೆಗಾಹರ್ಟ್ಜ್ ಲೈಸೆನ್ಸ್ ಬೇಕಿಲ್ಲ. ಡಾಟಾ ಅಕ್ಷರ-ಅಂಕಿಲೆ ಬರಿಯೂ ಜೇಸನ್‌ನ್ಯಾಗ ಟೆಂಪರೇಚರ್, ಹ್ಯೂಮಿಡಿಟಿ ಅಂತ ಪೂರ್ತಿ ಹೆಸರು ಬರದು ಕಳಿಸಿದ್ರ 36 ಬೈಟ್ ಆಗ್ತೈತಿ, ಅದನ್ನ 31.4 ಇದ್ದದ್ದು 314 ಮಾಡಿ ಎರಡ್ ಬೈಟ್, ಹಸಿಗೆ ಎರಡ್ ಬೈಟ್, ಡಿವೈಸ್ ನಂಬರ್ ಒಂದು, ಬ್ಯಾಟರಿ ಒಂದು, 6 ಬೈಟಿಗೆ ಮುಗೀತು. ಎಸ್‌ಎಫ್ ಅಂದ್ರ ಲೋರಾ ಎಷ್ಟ್ ನಿಧಾನ ಕಳಿಸಬೇಕು ಅನ್ನೂ ಸೆಟ್ಟಿಂಗ್, ನಿಧಾನ ಆದಷ್ಟ್ ದೂರ ಮುಟ್ತೈತಿ. ಎಸ್‌ಎಫ್7 ಇಟ್ರ ಅದು ಹವಾದಾಗ ಇರೂದು ಸುಮಾರು 36 ಮಿಲಿಸೆಕೆಂಡ್, ಎಸ್‌ಎಫ್12 ಇಟ್ರ ಹತ್ತತ್ರ ಒಂದ ಸೆಕೆಂಡ್. ದೂರ ಮುಟ್ಲಿ ಅಂತ ಕಣ್ಣ ಮುಚ್ಚಿ 12 ಇಡೋರಿಗೆ ನಾ ಏನ್ ಹೇಳ್ಲಿ. ನಮಗ 7ರಾಗನ ಬಂತು, ನಡುವ ಬರೇ ದ್ರಾಕ್ಷಿ ಪಡ, ಅಡ್ಡ ಏನಿಲ್ಲ.

ಈಗ ಈ ಮೀಟರ್ ನೋಡ್ರಿ. ಇದ್ರ ಸಲುವಾಗಿನ ವಿಡಿಯೋ ಮಾಡೀನಿ. ಪೂರ್ತಿ ಮಲಗೂ ಡೀಪ್ ಸ್ಲೀಪ್‌ನ್ಯಾಗ ಇಎಸ್‌ಪಿ32 ಚಿಪ್ 10 ಮೈಕ್ರೋಆಂಪ್ ತಗೋತೈತಿ ಅಂತ ಡಾಟಾಶೀಟ್ ಹೇಳ್ತೈತಿ, ಮೀಟರ್ ಎಷ್ಟ್ ತೋರ್ಸಾಕತ್ತೈತಿ? 8 ಮಿಲಿಆಂಪ್! ಪ್ರೋಟೋಕಾಲ್‌ನ್ಯಾಗ ಬೈಟ್ ಬೈಟ್ ಉಳಸಾಕತ್ತೀವಿ, ಇಲ್ಲಿ ಬೋರ್ಡ್ ಮಲಗಿದಾಗನೂ ಕುಡೀತೈತಿ. ಆ ಕೆಂಪ್ ಎಲ್‌ಇಡಿ ಐತಲ್ಲ, ಶೆಡ್ಡಿನ್ಯಾಗ ರಾತ್ರಿ ಅದನ್ನ ನೋಡೋರ್ ಯಾರ್ರೀ, ಇಲಿನಾ? ಅದನ್ನ ಕಿತ್ತು ಒಗದೆ. ಉಳಿದದ್ದು 5, ಅದು ರೆಗ್ಯುಲೇಟರ್ದು, ಬ್ಯಾಟರಿ ವೋಲ್ಟ್ ಇಳಿಸಿ ಚಿಪ್ಪಿಗೆ ಕೊಡೂ ಪಾರ್ಟ್, ಎಎಂಎಸ್1117, ಏನೂ ಕೆಲಸ ಮಾಡದs 5 ಮಿಲಿಆಂಪ್ ತಿಂತೈತಿ. ಮ್ಯಾಲ 3.3 ವೋಲ್ಟ್ ಕೊಡಾಕ ಅದಕ್ಕ ಒಂದ ವೋಲ್ಟ್ ಹೆಚ್ಚಿಗಿ ಬೇಕು, ನಮ್ಮ ಸೆಲ್ 3.7, ಸಾಲೂದಿಲ್ಲ. 2600 ಮಿಲಿಆಂಪ್-ಅವರ್ ಸೆಲ್ಲಿಗೆ 8 ಮಿಲಿಆಂಪ್ ಭಾಗಿಸ್ರಿ, 325 ತಾಸು, ಎರಡ್ ವಾರನೂ ಇಲ್ಲ, ಒಂದ ಲಾಟ್ ದ್ರಾಕ್ಷಿ ಒಣಗೂದ್ರೊಳಗ ಸೆನ್ಸರ್ ಗಪ್.

ಇದಕ್ಕ ಔಷಧ ಎಚ್‌ಟಿ7333, ಇದೂ ರೆಗ್ಯುಲೇಟರ್ರs, ಖಾಲಿ ಕುಂತಾಗ 4 ಮೈಕ್ರೋಆಂಪ್ ಅಷ್ಟ. ವಿಜಯಪುರದಾಗ ಗಾಂಧಿ ಚೌಕ್ ಸುತ್ತಮುತ್ತ ಕೇಳ್ಕೋತ ಹೋದೆ, ಒಬ್ಬ ಅಣ್ಣಾರು ಭಾಳ ಪ್ರೀತಿಲೆ "7805 ಐತಿ ಒಯ್ರಿ, ಅದೂ ರೆಗ್ಯುಲೇಟರ್ ಅಲ್ಲೇನ್ರಿ" ಅಂದ್ರು. ಅಲ್ರೀ ಅಣ್ಣಾರ, ಅದಕ್ಕ 7 ವೋಲ್ಟ್ ಕೊಡ್ಬೇಕು, ನಾ ಎಲ್ಲಿಂದ ತರ್ಲಿ. ಕಡೀಕ ಆನ್‌ಲೈನ್. ಪಾರ್ಟ್ 15 ರೂಪಾಯಿ, ಕೊರಿಯರ್ 80 ರೂಪಾಯಿ! ಹತ್ತ ತರಿಸಿದ್ರೂ 80, ಒಂದ ತರಿಸಿದ್ರೂ 80. ಅಂಗಿ ಗುಂಡಿಗಿಂತ ಸಣ್ಣದು, ಅದನ್ನ ಶೂ ಬರೂವಂಥಾ ಡಬ್ಬಿ ಒಳಗ ಹಾಕಿ ಕಳಿಸ್ಯಾರ, ನೋಡ್ರಿ ನೋಡ್ರಿ ಡಬ್ಬಿ. ಕಾಕಾ ನೋಡಿ "ಅಲ್ಲೋ ತಮ್ಮಾ, ಆಕಳಕ್ಕಿಂತ ಹಗ್ಗ ತುಟ್ಟಿ ಆತಲ್ಲೋ" ಅಂದ್ರು. ಕೊರಿಯರ್‌ನವರ ಮ್ಯಾಲ ಒಂದ್ ಬ್ಯಾರೆ ವಿಡಿಯೋನs ಮಾಡ್ಬೇಕು, ನಮ್ಮೂರ್ ಪಿನ್‌ಕೋಡ್ ಹಾಕಿದ್ರ... ಹೋಗ್ಲಿ ಬಿಡ್ರಿ, ಶಾಟ್ ಮುಂದ ಹೋತು.

ಇದು ಮನ್ಯಾಗಿನ ಗೇಟ್‌ವೇ, ಲೋರಾ ಕೇಳ್ತೈತಿ, ವೈಫೈ ಮ್ಯಾಲ ಎಂಕ್ಯೂಟಿಟಿ ಕಳಿಸ್ತೈತಿ. ಇಲ್ಲಿ ಕರೆಂಟ್ ಐತಿ, ಹಿಂಗಾಗಿ ಎಂಕ್ಯೂಟಿಟಿಗೆ ನಂದ್ಯಾವ ತಕರಾರೂ ಇಲ್ಲ, ಮೊದಲ ಹೇಳಿದ್ದ ಖರೆ, ಅದs ಛಲೋ. ರಿಟೇನ್ ಹಾಕೀನಿ, ಕಾಕಾ ಆ್ಯಪ್ ತಗದ ಕೂಡ್ಲೆ ಕಡೀ ರೀಡಿಂಗ್ ಕಾಣ್ತೈತಿ, ಹತ್ ನಿಮಿಷ ಕಾಯೂದಿಲ್ಲ. ಲಾಸ್ಟ್ ವಿಲ್ಲೂ ಐತಿ, ಕೀಪ್ ಅಲೈವ್, ಅಂದ್ರ ಜೀವಂತ ಅದೀನಿ ಅಂತ ತಿಳಿಸೂ ಗಡುವು, 60 ಸೆಕೆಂಡ್ ಇಟ್ರ ಅದರ ಒಂದೂವರೆ ಪಟ್ಟು, 90 ಸೆಕೆಂಡ್ ಗೇಟ್‌ವೇ ಸುದ್ದಿ ಇಲ್ಲಂದ ಕೂಡ್ಲೆ ಬ್ರೋಕರ್ ತಾನ ಆಫ್‌ಲೈನ್ ಅಂತ ಸಾರ್ತೈತಿ. ಬ್ರೋಕರ್ ಹೊರಗ ಕ್ಲೌಡ್‌ನ್ಯಾಗ ಇರ್ಬೇಕು ಮತ್ತ, ಅದs ಮನ್ಯಾಗಿದ್ರ ಕರೆಂಟ್ ಹೋದಾಗ ಅದೂ ಆರ್ತೈತಿ. ಈಗ ಕಾಕಾ ಹಸಿ ಎಷ್ಟ್ ಐತಿ ಅನ್ನೂದ್ಕಿಂತ ಊರಾಗ ಕರೆಂಟ್ ಹೋತೋ ಇಲ್ಲೋ ನೋಡಾಕ ಆ್ಯಪ್ ತಗೀತಾರ.

ಕೋಡ್ ಡಿಸ್ಕ್ರಿಪ್ಷನ್‌ನ್ಯಾಗ ಹಾಕೀನಿ. ಆಂಟೆನಾ ಹಚ್ಚದs ಲೋರಾಕ್ಕ ಪವರ್ ಕೊಡಬ್ಯಾಡ್ರಿ, ಮಾಡ್ಯೂಲ್ ಸುಟ್ರೂ ಸುಡ್ತೈತಿ, ಹೊಸಾದಕ್ಕ ಮತ್ತ ಅದs 80 ರೂಪಾಯಿ ಕೊರಿಯರ್.