ಹೊಸ ವಿಶ್ವಾಸಿಗೆ ಒಬ್ಬ ಬಾರ್ನಬ

ಪ್ರಿಯ ಕೇಳುಗರೇ, ನಮಸ್ಕಾರ.

ಯಾರಾದರೂ ದೀಕ್ಷಾಸ್ನಾನ ಪಡೆದು ಕ್ರೈಸ್ತ ಸಭೆಗೆ ಸೇರಿದ ದಿನ ಸಂಭ್ರಮವೋ ಸಂಭ್ರಮ. ಎಲ್ಲರೂ ಬಂದು ಕೈಕುಲುಕುತ್ತಾರೆ, ಹಾರೈಸುತ್ತಾರೆ. ಮುಂದಿನ ಭಾನುವಾರ ಅದೇ ಹೊಸ ವಿಶ್ವಾಸಿ ಹಿಂದಿನ ಸಾಲಿನಲ್ಲಿ ಒಬ್ಬರೇ ಕೂತು, ಹಾಡಿನ ನಂಬರು ಗೊತ್ತಾಗದೆ ಪಕ್ಕದವರ ಪುಸ್ತಕದತ್ತ ಇಣುಕುತ್ತಿರುತ್ತಾರೆ. ಅವರಿಗೆ ಇನ್ನೊಂದು ಬೋಧನೆಗಿಂತ ಜಾಸ್ತಿ ಬೇಕಾಗಿರೋದು ತಮ್ಮವರು ಅನ್ನಿಸುವ ಒಬ್ಬ ಮನುಷ್ಯ.

ಬೈಬಲಿನ ಸೌಲನಿಗೆ, ಅಂದರೆ ಮುಂದೆ ಪೌಲ ಅನ್ನಿಸಿಕೊಂಡವನಿಗೆ, ಅಂಥವನೊಬ್ಬ ಸಿಕ್ಕಿದ. ದಮಸ್ಕದ ದಾರಿಯಲ್ಲಿ ಯೇಸುವಿನ ಕಡೆಗೆ ಮನಸ್ಸು ತಿರುಗಿ ಅವನು ಯೆರೂಸಲೇಮಿಗೆ ಬಂದಾಗ ಶಿಷ್ಯರೆಲ್ಲ ಹೆದರಿದರು. ಹೆದರದೇ ಇನ್ನೇನು? ಮನೆಮನೆಗೆ ನುಗ್ಗಿ ವಿಶ್ವಾಸಿಗಳನ್ನು ಸೆರೆಮನೆಗೆ ಎಳೆದೊಯ್ದವನು ಅವನು. ಕುಪ್ರ (ಸೈಪ್ರಸ್) ದ್ವೀಪದ ಬಾರ್ನಬ ಮಾತ್ರ ಅವನನ್ನು ಅಪೊಸ್ತಲರ, ಅಂದರೆ ಯೇಸು ಕಳುಹಿಸಿದ ಹಿರಿಯ ಶಿಷ್ಯರ ಹತ್ತಿರ ಕರೆದುಕೊಂಡು ಹೋಗಿ ಅವನ ಪರವಾಗಿ ಮಾತಾಡಿದ. ಮುಂದೆ ತಾರ್ಸಕ್ಕೆ ಹೋಗಿ, ಸೌಲನನ್ನು ಹುಡುಕಿ, ಅಂತಿಯೋಕ್ಯಕ್ಕೆ ಕರೆತಂದ. ಇಡೀ ಒಂದು ವರ್ಷ ಇಬ್ಬರೂ ಜೊತೆಯಾಗಿ ಆ ಸಭೆಗೆ ಬೋಧಿಸಿದರು. ಮುಂದೆ ಥೆಸಲೋನಿಕದ ಸಭೆಯವರಿಗೆ ಪತ್ರ ಬರೆಯುವಾಗ ಪೌಲ, ನಿಮ್ಮ ನಡುವೆ ತಾಯಿಯಂತೆ, ತಂದೆಯಂತೆ ಇದ್ದೆವು ಅನ್ನುತ್ತಾನೆ. ಆ ಪಾಠವನ್ನು ಬಾರ್ನಬನ ಜೊತೆಯಲ್ಲೇ ಕಲಿತಿರಬೇಕು ಅಂತ ನನಗೆ ಅನಿಸುತ್ತದೆ.

ಇನ್ನೊಂದು ವಿಷಯ ಗಮನಿಸಿ. ಬೈಬಲಿನ ಅಪೊಸ್ತಲರ ಕೃತ್ಯಗಳು ಅನ್ನುವ ಪುಸ್ತಕದಲ್ಲಿ ಮೊದಲು ಬಾರ್ನಬನ ಹೆಸರು, ಆಮೇಲೆ ಸೌಲನದು. 13ನೆಯ ಅಧ್ಯಾಯ ದಾಟುವ ಹೊತ್ತಿಗೆ ಹೆಚ್ಚಾಗಿ ಪೌಲನೇ ಮುಂದೆ. ಬಾರ್ನಬ ಬೇಸರಪಟ್ಟ ಅನ್ನುವ ಒಂದು ಮಾತೂ ಅಲ್ಲಿಲ್ಲ. ಸಭೆಯ ಹಿರಿಯರಿಗೆ ಇದೇ ಕಷ್ಟದ ಭಾಗ. ಮಗುವನ್ನು ಸದಾ ಕಂಕುಳಲ್ಲೇ ಎತ್ತಿಕೊಂಡಿದ್ದರೆ ಅದು ನಡೆಯಲು ಕಲಿಯೋದು ಯಾವಾಗ?

ಹೊಸಬರ ಪ್ರಶ್ನೆಗಳು ಮನೆಯೊಳಗಿನವು. "ಅಮ್ಮ ಹಬ್ಬಕ್ಕೆ ಕರೀತಿದ್ದಾರೆ, ಹೋಗಲಾ ಬೇಡವಾ?" ಇದನ್ನು ವೇದಿಕೆಯಿಂದ ಬಗೆಹರಿಸೋಕೆ ಆಗಲ್ಲ. ಅವರ ಮನೆಗೆ ಹೋಗಿ, ಕಾಫಿ ಕುಡಿದು, ಆ ತಾಯಿಯ ಸಂಕಟವನ್ನೂ ಕೇಳಬೇಕು. ಸಭಾಪಾಲಕರೊಬ್ಬರಿಂದ ಇಷ್ಟೆಲ್ಲ ಆಗುವ ಕೆಲಸ ಅಲ್ಲ ಇದು. ಸಭೆಯ ಅಕ್ಕಂದಿರು, ಅಣ್ಣಂದಿರು ಒಬ್ಬೊಬ್ಬರ ಹೊಣೆ ಹೊರಬೇಕು.

ಬಿದ್ದವರನ್ನೂ ಬಿಡಬಾರದು. ಬಾರ್ನಬ, ಪೌಲರ ಜೊತೆಗಾರ ಮಾರ್ಕ ಸೇವೆಯ ಪ್ರಯಾಣದ ನಡುವೆಯೇ ವಾಪಸ್ ಹೋಗಿದ್ದ. ಮುಂದಿನ ಸಲ ಅವನು ಬೇಡವೇ ಬೇಡ ಅಂದ ಪೌಲ. ಜಗಳವೇ ಆಯಿತು. ಬಾರ್ನಬ ಮಾರ್ಕನನ್ನು ಕರೆದುಕೊಂಡು ಕುಪ್ರಕ್ಕೆ ಹೊರಟ. ವರ್ಷಗಳ ನಂತರ ಪೌಲನೇ ಸೆರೆಯಲ್ಲಿದ್ದುಕೊಂಡು ತನ್ನ ಜೊತೆ ಸೇವಕ ತಿಮೊಥೆಯನಿಗೆ ಬರೆಯುತ್ತಾನೆ: ಬರುವಾಗ ಮಾರ್ಕನನ್ನೂ ಕರೆದುಕೊಂಡು ಬಾ, ಸೇವೆಗೆ ಅವನು ನನಗೆ ಉಪಯುಕ್ತ.

ನಿಮ್ಮ ಸಭೆಗೂ ಬರೋದು ನಿಲ್ಲಿಸಿದ ಯಾರೋ ಒಬ್ಬರು ಇದ್ದಾರೆ ಅಲ್ವಾ? ಈ ವಾರ ಅವರ ಮನೆಗೆ ಹೋಗಿ. ಯಾಕೆ ಬರಲಿಲ್ಲ ಅಂತ ಕೇಳಬೇಡಿ. ಸುಮ್ನೆ ಹೋಗಿ, ಸ್ವಲ್ಪ ಹೊತ್ತು ಕೂತು ಬನ್ನಿ. ನಮಸ್ಕಾರ.