ಪತಂಗದ ದೀಪ ಎಷ್ಟು ಹೊತ್ತಿಗೆ ಆರಿಸ್ತೀರಿ?

ಚೋರ್ಲಾ ಘಾಟ್ ಇಳಿದು ಗೋವಾಕ್ಕೆ ಬಂದ ಧಾರವಾಡದವರೊಬ್ಬರು ಸತ್ತರಿ ಕಡೆಯ ಹಳ್ಳಿಯಲ್ಲಿ ಬಾಡಿಗೆ ಮನೆ ಹಿಡಿದಿದ್ದಾರೆ ಅಂದ್ಕೊಳ್ಳಿ. ಅಮಾವಾಸ್ಯೆ ರಾತ್ರಿ ಅಂಗಳದಲ್ಲಿ ಬಿಳಿ ಪರದೆ, ದೊಡ್ಡ ದೀಪ, ಪಕ್ಕದಲ್ಲಿ ಕುರ್ಚಿ. ಪತಂಗ ನೋಡೋ ಹುಚ್ಚು. ಊರವರಿಗೆ ಮಾಟವೋ, ನಿಧಿಯೋ ಅಂತ ಅನುಮಾನ ಬಂದ್ರೆ ತಪ್ಪೇನಿಲ್ಲ. ಪಕ್ಕದ ಮನೆಗೆ, ಭಾಟ್‌ಕಾರರಿಗೆ (ಅಂದ್ರೆ ಜಮೀನಿನ ಒಡೆಯರಿಗೆ) ಮೊದಲೇ ಹೇಳಿ, ಪರದೆ ಹತ್ರ ಕರೆದು ತೋರಿಸಿದ್ರೆ ಮುಗೀತು. ಆದ್ರೆ ಅಭಯಾರಣ್ಯದೊಳಗೆ ಅರಣ್ಯ ಇಲಾಖೆ ಅನುಮತಿ ಇಲ್ಲದೆ ಬೇಡವೇ ಬೇಡ.

ನನ್ನ ತಕರಾರು ಬೇರೆ. ಬೆಳಗಿನವರೆಗೂ ದೀಪ ಉರಿಸಿ ಜಾತಿಗಳ ಲೆಕ್ಕ ಹಿಡಿಯೋದು ಇದೆಯಲ್ಲ, ಅದು ನನಗೆ ಸೇರಲ್ಲ.

ಪತಂಗಕ್ಕೆ ದೀಪದ ಮೇಲೆ ಆಸೆ ಅಂತ ನಾವು ಹೇಳ್ಕೊಂಡು ಬಂದ್ವಿ. 2024ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿದ್ದೇ ಬೇರೆ: ಹಾರೋ ಕೀಟ ಬೆಳಕಿನ ಕಡೆಗೆ ಬೆನ್ನು ತಿರುಗಿಸುತ್ತೆ, ಆಕಾಶ ಆ ಕಡೆ ಇದೆ ಅಂತ. ದೀಪದ ಹತ್ರ ಆ ಲೆಕ್ಕ ತಪ್ಪಿ ಸುತ್ತ ಸುತ್ತ ಸಿಕ್ಕಿಬೀಳುತ್ತೆ. ಅಟ್ಲಾಸ್ ಪತಂಗ ನೋಡಿ, ರೆಕ್ಕೆ ಬಿಚ್ಚಿದ್ರೆ 24–25 ಸೆಂಟಿಮೀಟರ್. ಪ್ರಾಯಕ್ಕೆ ಬಂದ ಮೇಲೆ ಏನೂ ತಿನ್ನಲ್ಲ, ಮರಿಹುಳುವಾಗಿದ್ದಾಗ ಕೂಡಿಟ್ಟ ಕೊಬ್ಬಿನ ಮೇಲೇ ಜೀವನ. ಅದಕ್ಕೆ ಉಳಿದ ಕೆಲವೇ ರಾತ್ರಿಗಳಲ್ಲಿ ಒಂದನ್ನ ನಮ್ಮ ಪರದೆಗೆ ಕಟ್ಟಿಹಾಕೋದಾ?

ಹಾಗಾಗಿ ಕತ್ತಲಾದ ಕೂಡಲೇ ಹಚ್ಚಿ, ಹನ್ನೊಂದೂವರೆ ಹೊತ್ತಿಗೆ ಆರಿಸಿ. ಗಾಳಿ ಇಲ್ಲದ, ಸೆಖೆ ಇರೋ ರಾತ್ರಿ ಅಷ್ಟರಲ್ಲೇ ಸಾಕಷ್ಟು ಬರುತ್ತವೆ. ವಾರಗಟ್ಟಲೆ ಅದೇ ಅಂಗಳದಲ್ಲಿ ಹಚ್ಚಬೇಡಿ.

ಬಲ್ಬು ಚೋಕ್ ಬೇಡದ 160 ವ್ಯಾಟ್ ಮರ್ಕ್ಯುರಿ. ಮನೆಯ ಬಿಳಿ ಎಲ್‌ಇಡಿಯಲ್ಲಿ ನೇರಳಾತೀತ ಕಿರಣ ಇಲ್ಲವೆನ್ನುವಷ್ಟು ಕಮ್ಮಿ, ಪತಂಗವೂ ಕಮ್ಮಿ. ಮರ್ಕ್ಯುರಿ ಬಲ್ಬಿನ ಬಿಸಿ ಗಾಜಿಗೆ ಮಳೆ ಹನಿ ಬಿದ್ರೆ ಬಿರುಕು ಬಿಡುತ್ತೆ. ಹೊರಗಾಜು ಒಡೆದೂ ಉರೀತಿದ್ರೆ ತಕ್ಷಣ ಆರಿಸಿ, ಒಳಗಿನ ಕಿರಣ ಕಣ್ಣು ಚರ್ಮ ಎರಡನ್ನೂ ಸುಡುತ್ತೆ. ಕರೆಂಟ್ ಹೋಗಿ ಬಂದ್ರೆ ಬಲ್ಬು ತಣ್ಣಗಾಗೋವರೆಗೆ ಹತ್ತಲ್ಲ, ಸುಮ್ನೆ ಸ್ವಿಚ್ ಕುಟ್ಟಬೇಡಿ. 12 ವೋಲ್ಟ್ ಇನ್ವರ್ಟರ್ ಆದ್ರೆ ಬ್ಯಾಟರಿಯಿಂದ ಸುಮಾರು 16 ಆಂಪಿಯರ್ ಎಳೆಯುತ್ತೆ. ನಾಲ್ಕು ಗಂಟೆಗೆ 64 ಆಂಪಿಯರ್-ಅವರ್, ಲೆಕ್ಕ ಹಾಕಿ ಇಟ್ಕೊಳ್ಳಿ.

ಪರದೆ ಹತ್ತಿಯದು, ಎರಡು ಮೀಟರ್ ಅಗಲ. ಕೆಳಗೆ ನೆಲದ ಮೇಲೂ ಒಂದು ಬಿಳಿ ಬಟ್ಟೆ ಹಾಸಿ. ಎಷ್ಟೋ ಪತಂಗ ನೆಲದಲ್ಲೇ ಕೂರುತ್ತವೆ, ಮೇಲೆ ನೋಡೋ ಆತುರದಲ್ಲಿ ನಮ್ಮ ಚಪ್ಪಲಿಗೇ ಬಲಿ.

ಆರಿಸಿದ ಮೇಲೂ ಬಹಳಷ್ಟು ಅಲ್ಲೇ ಕೂತಿರುತ್ತವೆ. ಹಾಗೇ ಬಿಟ್ರೆ ಬೆಳಕು ಹರಿಯೋ ಹೊತ್ತಿಗೆ ಕಾಜಾಣ, ಪಿಕಳಾರಗಳಿಗೆ ಪುಕ್ಕಟೆ ಊಟ. ಪರದೆಯ ಮಡಿಕೆ ಮಡಿಕೆ ಬಿಡಿಸಿ ನೋಡಿ, ಒಂದೊಂದನ್ನೂ ಕಡ್ಡಿಗೆ ಹತ್ತಿಸಿ ಬೇರೆ ಬೇರೆ ಪೊದೆಯೊಳಗೆ ಬಿಡಿ. ಪರದೆ ಸುತ್ತೋದು ಅದಾದ ಮೇಲೆ.