ಪಂದ್ಯ ಬಿಟ್ಟುಕೊಡದ ಡ್ರೋಬ್ನಿ

ಕೇಳುಗರಿಗೆ ನಮಸ್ಕಾರ. ಚೆಕೊಸ್ಲೊವಾಕಿಯಾದ ಟೆನಿಸ್ ಆಟಗಾರ ಯಾರೊಸ್ಲಾವ್ ಡ್ರೋಬ್ನಿಯವರ ಬಗ್ಗೆ ನೀವು ಒಂದೇ ಮಾತನ್ನು ನೆನಪಿಟ್ಟುಕೊಂಡರೆ ಸಾಕು: ಅವರು ಪಂದ್ಯ ಬಿಟ್ಟುಕೊಡುವವರಲ್ಲ.

1921ರಲ್ಲಿ ಪ್ರಾಗ್‌ನಲ್ಲಿ ಹುಟ್ಟಿ, ತಂದೆ ಅಂಕಣ ನೋಡಿಕೊಳ್ಳುತ್ತಿದ್ದ ಕ್ಲಬ್ಬಿನಲ್ಲಿ ಚೆಂಡು ಹೆಕ್ಕುತ್ತಾ ಬೆಳೆದ ಅವರು, ಹದಿನಾರರ ವಯಸ್ಸಿಗೇ ವಿಂಬಲ್ಡನ್‌ನಲ್ಲಿ ಆಡಿದರು. 1949ರಲ್ಲಿ ಸ್ವಿಟ್ಜರ್ಲೆಂಡಿನ ಗ್‌ಸ್ಟಾಡ್ ಟೂರ್ನಿಯಿಂದ ಹಿಂದೆ ಸರಿಯುವಂತೆ ಕಮ್ಯುನಿಸ್ಟ್ ಸರ್ಕಾರ ಆಜ್ಞಾಪಿಸಿದಾಗ, ಜೊತೆಗಾರ ಟೆನಿಸ್ ಆಟಗಾರ ಚೆರ್ನಿಕ್ ಅವರೊಡನೆ ತಾಯ್ನಾಡನ್ನೇ ತೊರೆದರು. ಕೊನೆಗೆ ಪೌರತ್ವ ಕೊಟ್ಟದ್ದು ಈಜಿಪ್ಟ್.

ಡ್ರೋಬ್ನಿ ಎಂದರೆ ಎಲ್ಲರೂ 1954ರ ವಿಂಬಲ್ಡನ್ ಪ್ರಶಸ್ತಿಯನ್ನೇ ಕೇಳುತ್ತಾರೆ. ದಯವಿಟ್ಟು ಅದರ ಹಿಂದಿನ ವರ್ಷಕ್ಕೆ ಬನ್ನಿ. 1953ರ ವಿಂಬಲ್ಡನ್ ಮೂರನೆಯ ಸುತ್ತಿನಲ್ಲಿ ಎದುರಾಳಿಯಾಗಿ ನಿಂತವರು ಅವರ ಸ್ನೇಹಿತರೇ ಆದ ಅಮೆರಿಕದ ಬಡ್ಜ್ ಪ್ಯಾಟಿ. ಸಮಬಲವಾದ ಸೆಟ್ಟನ್ನು ಬೇಗ ಮುಗಿಸುವ ಟೈಬ್ರೇಕರ್ ಆಗ ಇರಲಿಲ್ಲ. ಎರಡು ಗೇಮ್‌ಗಳ ಅಂತರ ಸಿಗುವವರೆಗೂ ಸೆಟ್ ಮುಗಿಯುತ್ತಿರಲಿಲ್ಲ. ಎರಡನೆಯ ಸೆಟ್ ಒಂದೇ 34 ಗೇಮ್‌ಗಳಷ್ಟು ಎಳೆಯಿತು! ನಾಲ್ಕನೆಯ ಸೆಟ್‌ನಲ್ಲಿ ಮೂರು ಸಲ, ಐದನೆಯದರಲ್ಲಿ ಮತ್ತೆ ಮೂರು ಸಲ, ಇನ್ನೊಂದೇ ಪಾಯಿಂಟ್ ಬಂದಿದ್ದರೆ ಪ್ಯಾಟಿ ಗೆದ್ದಿರುತ್ತಿದ್ದರು. ಆರು ಸಲವೂ ಡ್ರೋಬ್ನಿ ಬಿಟ್ಟುಕೊಡಲಿಲ್ಲ. ಐಸ್ ಹಾಕಿ ಆಡುವಾಗ ಕಣ್ಣಿಗೆ ಪೆಟ್ಟು ಬಿದ್ದಿದ್ದರಿಂದ ಬಣ್ಣದ ಕನ್ನಡಕವಿಲ್ಲದೆ ಅಂಕಣಕ್ಕಿಳಿಯದ ಆ ಮನುಷ್ಯನಿಗೆ, ಕತ್ತಲು ಕವಿಯುತ್ತಿದ್ದ ಆ ಹೊತ್ತಿನಲ್ಲಿ ಚೆಂಡನ್ನು ಗುರುತಿಸುವುದು ಎಷ್ಟು ಕಷ್ಟವಾಗಿರಬೇಕು, ಯೋಚಿಸಿ ನೋಡಿ. ನಾಲ್ಕು ಗಂಟೆಗೂ ಮೀರಿದ ಆ ಪಂದ್ಯವನ್ನು ಅವರು 8–6, 16–18, 3–6, 8–6, 12–10ರಿಂದ ಗೆದ್ದರು. ಒಟ್ಟು 93 ಗೇಮ್‌ಗಳು! ಕಾಲಿನ ನೋವು ಕಾಡಿದರೂ ಸೆಮಿಫೈನಲ್‌ವರೆಗೆ ಹೋಗಿ, ಅಲ್ಲಿ ಡೆನ್ಮಾರ್ಕಿನ ಕರ್ಟ್ ನೀಲ್ಸನ್‌ಗೆ ಸೋತರು.

ಸಮಯ ಮುಗಿಯುತ್ತಾ ಬಂದಿದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. 1951 ಮತ್ತು 1952ರಲ್ಲಿ ಅವರು ಫ್ರೆಂಚ್ ಪ್ರಶಸ್ತಿ ಗೆದ್ದರು. ವಿಂಬಲ್ಡನ್ ಫೈನಲ್‌ಗಳಲ್ಲಿ ಮಾತ್ರ 1949ರಲ್ಲಿ ಟೆಡ್ ಶ್ರೋಡರ್‌ಗೂ 1952ರಲ್ಲಿ ಫ್ರಾಂಕ್ ಸೆಡ್ಜ್‌ಮನ್‌ಗೂ ಸೋತಿದ್ದರು. ಹಾಗಿದ್ದೂ ಬಿಡಲಿಲ್ಲ. 1954ರಲ್ಲಿ, 32ರ ವಯಸ್ಸಿನಲ್ಲಿ, ಹನ್ನೊಂದನೆಯ ಶ್ರೇಯಾಂಕದೊಂದಿಗೆ ಬಂದು, ಇನ್ನೂ ಇಪ್ಪತ್ತು ತುಂಬದ ಕೆನ್ ರೋಸ್‌ವಾಲ್ ಅವರನ್ನು 13–11, 4–6, 6–2, 9–7ರಿಂದ ಸೋಲಿಸಿ, ಈಜಿಪ್ಟಿನ ಆಟಗಾರರಾಗಿ ವಿಂಬಲ್ಡನ್ ಗೆದ್ದರು. 1948ರ ಒಲಿಂಪಿಕ್ಸ್‌ನಲ್ಲಿ ಐಸ್ ಹಾಕಿ ಬೆಳ್ಳಿ ಗೆದ್ದ ಚೆಕೊಸ್ಲೊವಾಕಿಯಾ ತಂಡದಲ್ಲಿದ್ದವರೂ ಇವರೇ. ಆ ಕಥೆಗೆ ಇಂದು ವೇಳೆ ಸಾಲದು. ನಮಸ್ಕಾರ.